ನಿಂತ ಅಕ್ಷರ, ಓಡುವ ಅಕ್ಷರ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು, ಅಲ್ಲೇ ಸಮೀಪದ ಪಾಲ್ಕಿಗುಂಡಿನಲ್ಲಿ ಇನ್ನೊಂದು - ಹೀಗೆ ಅಶೋಕನ ಕಾಲದ ಎರಡು ಬಂಡೆಗಲ್ಲಿನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಂದಿನ ಕನ್ನಡ ಅಕ್ಷರಗಳ ಮೂಲವನ್ನು ಹುಡುಕುತ್ತ ಹೊರಟರೆ ಕೊನೆಗೆ ನಾವು ತಲುಪುವುದು ಈ ಬ್ರಾಹ್ಮಿಯನ್ನೇ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಅಕ್ಷರಗಳು ಕೆತ್ತಿದಲ್ಲೇ ನಿಂತಿವೆ. ನಿಲ್ಲುವುದೇ ಅವುಗಳ ಕೆಲಸವಾಗಿತ್ತು. ಅರಸನ ಮಾತು ಅಳಿಯಬಾರದು, ಬದಲಾಗಬಾರದು ಎಂದೇ ಅದನ್ನು ಕಲ್ಲಿಗೆ ಒಪ್ಪಿಸಿದ್ದು.

ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಕಿನ್ನಾಳವಿದೆ. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರು. ನಾಡಿನ ಬೇರೆಲ್ಲ ಊರುಗಳಂತೆ ಈ ಊರಿನ ಮಕ್ಕಳ ಕೈಗೂ ಇಂದು ಮೊಬೈಲ್ ಫೋನ್ ಬಂದಿದೆ. ಅದರ ಪುಟ್ಟ ಪರದೆಯ ಮೇಲೆ ಅಕ್ಷರಗಳು ನಿಲ್ಲುವುದೇ ಇಲ್ಲ. 'ಮಳೆ' ಎಂಬ ಪದ ಹನಿಯಾಗಿ ಉದುರಬಹುದು, 'ಆವಿ' ಮೇಲೇರಿ ಕರಗಬಹುದು, 'ಭೂಮಿ' ತನ್ನ ಸುತ್ತ ತಾನೇ ತಿರುಗಬಹುದು. ಓದು ಬಾರದ ಎಳೆಯರಿಗೆ ವಿಜ್ಞಾನದ ಮೊದಲ ಪಾಠವನ್ನು ಹೀಗೆ ಚಲಿಸುವ ಅಕ್ಷರಗಳಿಂದಲೇ ಹೇಳಿಕೊಡುವ ಪದ್ಧತಿ ಜಗತ್ತಿನ ಎಲ್ಲೆಡೆ ಬೆಳೆಯುತ್ತಿದೆ. ಇದರಿಂದ ಮಗು ನಿಜವಾಗಿ ಏನನ್ನು ಕಲಿಯುತ್ತದೆ? ಓಡುವ ಅಕ್ಷರ ನಿಂತ ಅಕ್ಷರಕ್ಕಿಂತ ಒಳ್ಳೆಯ ಗುರುವೇ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಅಕ್ಷರ ಓಡಲು ಕಲಿತ ಕತೆಯನ್ನು ಒಮ್ಮೆ ನೋಡಬೇಕು. ಆ ಕತೆಯಲ್ಲಿ ಕೊಪ್ಪಳ ಸೀಮೆಗೂ ಒಂದು ಪಾತ್ರವಿದೆ.

ಮರಳಿನ ಮೇಲಿನ ಪಾಠ

ಚಲಿಸುವ ಅಕ್ಷರ ಸಿನಿಮಾದ ಕೂಸು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದಕ್ಕೂ ಬಹಳ ಹಿಂದೆ ನಮ್ಮ ಮಕ್ಕಳು ಕಲಿಯುತ್ತಿದ್ದುದು ಒಂದು ಬಗೆಯ ಚಲಿಸುವ ಅಕ್ಷರವನ್ನೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಗೇರುಸೊಪ್ಪೆಯ ಘಟ್ಟ ಹತ್ತಿ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಕೆಲವು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ಅದನ್ನು ವಿವರವಾಗಿ ಬರೆದಿಟ್ಟ. ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿಕೊಂಡು, ಪಾಠವನ್ನು ರಾಗವಾಗಿ ಹೇಳುತ್ತ, ಹೇಳುತ್ತಿದ್ದಂತೆಯೇ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದರು. ಜಾಗ ತುಂಬಿದೊಡನೆ ಅಳಿಸಿ, ಹೊಸ ಮರಳು ಹರಡಿ, ಮತ್ತೆ ಮುಂದುವರಿಯುತ್ತಿದ್ದರು.

ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಅಕ್ಷರ ಮಗುವಿನ ಕಣ್ಣೆದುರೇ ಹುಟ್ಟುತ್ತದೆ, ಗೆರೆಗೆರೆಯಾಗಿ ಬೆಳೆಯುತ್ತದೆ. ಅದು ಹುಟ್ಟುವ ಹೊತ್ತಿಗೇ ಅದರ ದನಿಯೂ ಕೇಳುತ್ತದೆ. ಅದನ್ನು ಚಲಿಸುವಂತೆ ಮಾಡುತ್ತಿರುವುದು ಮಗುವಿನದೇ ಬೆರಳು. ಇಂದಿನ ಯಾವ ಪರದೆಗೂ ಈ ಮೂರನ್ನು ಒಟ್ಟಿಗೆ ಒದಗಿಸುವುದು ಸುಲಭವಲ್ಲ.

ಈ ಮರಳಿನ ಪಾಠ ಕಡಲನ್ನೂ ದಾಟಿತು. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಯಲ್ಲೂ ಅದನ್ನು ಜಾರಿಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ತಟ್ಟೆಗಳು ಕಾಣಿಸಿಕೊಂಡದ್ದು ಇದರ ನಂತರ.

ಅಚ್ಚಿನ ಮೊಳೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಅಕ್ಷರ ಮತ್ತೆ ನಿಂತಿತು, ಈ ಸಲ ಕಾಗದದ ಮೇಲೆ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಆಮೇಲೆ ಲೋಹದ ಮೊಳೆಗಳು ಬಂದವು, ಪಠ್ಯಪುಸ್ತಕಗಳು ಬಂದವು. ಅಕ್ಷರ ಹುಟ್ಟುವುದನ್ನು ನೋಡುವ ಭಾಗ್ಯ ಮಗುವಿಗೆ ತಪ್ಪಿತು, ನಿಜ. ಆದರೆ ಪ್ರತಿಯಾಗಿ ಸಿಕ್ಕಿದ್ದು ಸಣ್ಣದಲ್ಲ. ಗುರುಗಳು ಎದುರಿಗಿಲ್ಲದಾಗಲೂ ಪಾಠ ಕೈಯಲ್ಲಿ ಉಳಿಯಿತು. ಅರ್ಥವಾಗದ ಸಾಲನ್ನು ಮತ್ತೆ ಮತ್ತೆ ಓದುವ ಅವಕಾಶ ದೊರೆಯಿತು.

ಕನ್ನಡದಲ್ಲಿ ವಿಜ್ಞಾನವನ್ನು ಮಕ್ಕಳ ಬಳಿಗೆ ತಂದವರು ದುಡಿದದ್ದು ಈ ನಿಂತ ಅಕ್ಷರದಲ್ಲಿಯೇ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ 'ಜ್ಞಾನ ಗಂಗೋತ್ರಿ' ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಓದಿ ಬೆಳೆದ ತಲೆಮಾರುಗಳಿವೆ. ಇವೆಲ್ಲವೂ ಚಿತ್ರವನ್ನು ಬಳಸಿಕೊಂಡವು. ಆದರೆ ಪುಟದ ಮೇಲೆ ಚಿತ್ರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಅಕ್ಷರವೇ ಚಿತ್ರವಾಗುವುದು, ಚಿತ್ರದ ಕೆಲಸವನ್ನು ತಾನೇ ಮಾಡುವುದು ಅಲ್ಲಿ ಸಾಧ್ಯವಿರಲಿಲ್ಲ.

ಅದು ಸಾಧ್ಯವಾದದ್ದು ಸಿನಿಮಾದ ರೀಲಿನಲ್ಲಿ. 1959ರ ಹಿಚ್‌ಕಾಕ್ ಚಿತ್ರವೊಂದಕ್ಕೆ ಸಾಲ್ ಬಾಸ್ ಎಂಬ ಕಲಾವಿದ ಮಾಡಿದ ಶೀರ್ಷಿಕೆಯಲ್ಲಿ ಹೆಸರುಗಳು ಗಗನಚುಂಬಿ ಕಟ್ಟಡದ ಗೆರೆಗಳ ಮೇಲೆ ಲಿಫ್ಟಿನಂತೆ ಏರಿ ಇಳಿದವು. ಹತ್ತು ವರ್ಷದ ನಂತರ, 1969ರ ನವೆಂಬರಿನಲ್ಲಿ, ಅಮೆರಿಕದ ಟಿ.ವಿ.ಯಲ್ಲಿ 'ಸೆಸಮಿ ಸ್ಟ್ರೀಟ್' ಆರಂಭವಾಯಿತು. ಜಾಹೀರಾತಿನ ಚುರುಕನ್ನೇ ಎರವಲು ಪಡೆದು, ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವುದು ಅದರ ಗುರಿಯಾಗಿತ್ತು. ಅದೇ ಸಂಸ್ಥೆ 1971ರಲ್ಲಿ ಸ್ವಲ್ಪ ದೊಡ್ಡ ಮಕ್ಕಳಿಗಾಗಿ 'ದಿ ಎಲೆಕ್ಟ್ರಿಕ್ ಕಂಪನಿ'ಯನ್ನು ತಂದಿತು. ಅದರ ಒಂದು ತುಣುಕಿನಲ್ಲಿ ಎದುರುಬದುರಾಗಿ ಕುಳಿತ ಇಬ್ಬರ ನೆರಳುಮುಖಗಳು ಕಾಣುತ್ತವೆ. ಒಬ್ಬರ ಬಾಯಿಂದ ಪದದ ಮೊದಲರ್ಧ ಹೊರಬರುತ್ತದೆ, ಇನ್ನೊಬ್ಬರ ಬಾಯಿಂದ ಉಳಿದರ್ಧ. ಎರಡೂ ನಡುವೆ ಕೂಡಿ ಪದವಾಗುತ್ತದೆ. ಚಲನೆ ಇಲ್ಲಿ ಅಲಂಕಾರವಲ್ಲ. ಶಬ್ದಗಳು ಕೂಡಿ ಪದವಾಗುವುದೇ ಪಾಠ, ಅಕ್ಷರಗಳು ಕೂಡಿಕೊಳ್ಳುವುದೇ ಚಲನೆ.

ಆಕಾಶದಿಂದ ಇಳಿದ ಶಾಲೆ

ನಮ್ಮ ಟಿ.ವಿ. ಆಗ ಕೆಲವೇ ನಗರಗಳ ಸೊತ್ತು. ಹೀಗಿರುವಾಗ ಮೊದಲ ಉಪಗ್ರಹ ಪಾಠ ಇಳಿದದ್ದು ನಗರಗಳ ಮೇಲಲ್ಲ, ದೇಶದ ಅತಿ ಹಿಂದುಳಿದ ಹಳ್ಳಿಗಳ ಮೇಲೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ 'ಸೈಟ್' ಪ್ರಯೋಗಕ್ಕೆ ಅಮೆರಿಕದ ನಾಸಾ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಕೊಟ್ಟಿತ್ತು. ಇಸ್ರೊ ನೆಲದ ಮೇಲಿನ ಕೆಲಸ ನೋಡಿಕೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿ ಆಂಟೆನಾ, ಊರಿಗೊಂದು ಟಿ.ವಿ. ಪೆಟ್ಟಿಗೆ - ಇಷ್ಟೇ ಸಲಕರಣೆ. ಬೆಳಿಗ್ಗೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಮಕ್ಕಳ ಪಾಠಗಳಲ್ಲಿ ವಿಜ್ಞಾನಕ್ಕೆ ವಿಶೇಷ ಸ್ಥಾನವಿತ್ತು. ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಉಪಗ್ರಹದ ಮೂಲಕ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು.

ಇಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ತಾಂತ್ರಿಕ ಸಂಗತಿಯಿದೆ. ಆ ಉಪಗ್ರಹ ಒಂದು ಚಿತ್ರದೊಂದಿಗೆ ಎರಡು ದನಿಗಳನ್ನು ಕಳಿಸಬಲ್ಲುದಾಗಿತ್ತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರ ಹೈದರಾಬಾದ್. ಒಂದೇ ಚಿತ್ರ ತೋರಿಸಿ ಒಂದು ದನಿಯಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ ಕೇಳಿಸುವ ಅನುಕೂಲ ಅದರಲ್ಲಿತ್ತು. ಬಡ ದೇಶಕ್ಕೆ ಇದು ದೊಡ್ಡ ಉಳಿತಾಯ. ಆದರೆ ಇಂಥ ಏರ್ಪಾಡಿನಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯುವುದು ಹೇಗೆ? ತೆಲುಗು, ಕನ್ನಡ ಲಿಪಿಗಳು ಅಕ್ಕತಂಗಿಯರೇ ಇರಬಹುದು. ಆದರೂ ಒಬ್ಬರ ಅಂಗಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಎರಡು ಭಾಷೆಗೆ ಹಂಚಿಕೊಂಡ ಚಿತ್ರದಲ್ಲಿ ಅಕ್ಷರಕ್ಕೆ ಜಾಗವಿರದು. ದನಿಯನ್ನು ಬದಲಿಸುವುದು ಸುಲಭ, ಚಿತ್ರದೊಳಗಿನ ಅಕ್ಷರವನ್ನು ಬದಲಿಸುವುದು ಕಷ್ಟ. ಈ ಒಂದು ಮಾತನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅರ್ಧ ಶತಮಾನದ ನಂತರವೂ ನಾವು ಅದನ್ನು ದಾಟಿಲ್ಲ.

ಪ್ರಯೋಗ ಮುಗಿದ ಮೇಲೆ ನಡೆದ ಅಧ್ಯಯನಗಳು ಹೇಳಿದ್ದೂ ಗಮನಾರ್ಹ. ನೋಡಿದ ಮಕ್ಕಳ ಭಾಷೆ ಸುಧಾರಿಸಿತ್ತು, ಪಾಠದಾಚೆಯದನ್ನು ತಿಳಿಯುವ ಕುತೂಹಲ ಹೆಚ್ಚಿತ್ತು. ಆದರೆ ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರದೆ ಬಾಗಿಲು ತೆರೆಯಬಲ್ಲುದು, ಒಳಗೆ ಕರೆದೊಯ್ಯಲು ಬೇರೆಯದೇ ಬೇಕು ಎಂಬುದು ಅಲ್ಲಿ ಕಂಡ ಪಾಠ. ಮುಂದೆ 2004ರಲ್ಲಿ ಹಾರಿದ ನಮ್ಮದೇ ಎಜುಸ್ಯಾಟ್ ಉಪಗ್ರಹವನ್ನು ಬಳಸಿ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಕನ್ನಡ ಪಾಠಗಳನ್ನು ತಲುಪಿಸುವ ಪ್ರಯೋಗ ನಡೆಯಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯೇ ತರಗತಿಯಾಯಿತು.

ಸೂರ್ಯನ ಕಷ್ಟ

ಕನ್ನಡ ಅಕ್ಷರವನ್ನು ಓಡಿಸಲು ಹೊರಟವರಿಗೆ ಇನ್ನೊಂದು ತೊಡಕು ಲಿಪಿಯಲ್ಲೇ ಇದೆ. ಇಂಗ್ಲಿಷ್ ಪದದ ಅಕ್ಷರಗಳು ರೈಲಿನ ಡಬ್ಬಿಗಳಂತೆ, ಒಂದೊಂದನ್ನೇ ಕಳಚಿ ಹಾರಿಸಬಹುದು. ಕನ್ನಡದಲ್ಲಿ ಗುಣಿತವಿದೆ, ಒತ್ತಕ್ಷರವಿದೆ. 'ಗುರುತ್ವ' ಎಂಬ ಪದ ನೋಡಿ. ಮಗುವಿನ ಕಣ್ಣಿಗೆ ಅದು ಗು, ರು, ತ್ವ ಎಂಬ ಮೂರು ಅಕ್ಷರ. 1991ರಲ್ಲಿ ಮೊದಲು ಪ್ರಕಟವಾದ ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಅದು ಏಳು ಸಂಕೇತಗಳ ಸಾಲು: ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಎಲ್ಲಕ್ಕೂ ಒಂದೊಂದು. ಕನ್ನಡ ತಿಳಿಯದ ತಂತ್ರಾಂಶ ಈ ಏಳನ್ನೂ ಬಿಡಿಬಿಡಿಯಾಗಿ ಉದುರಿಸಿದರೆ ಕೊಂಬು ಒಂದೆಡೆ, ಒತ್ತು ಇನ್ನೊಂದೆಡೆ ಬೀಳುತ್ತದೆ. ಗುರುತ್ವ ಕಲಿಯಬೇಕಾದ ಮಗು ನೋಡುವುದು ಮುರಿದ ಕಾಗುಣಿತವನ್ನು.

'ಸೂರ್ಯ'ನ ಪಾಡು ಇನ್ನೂ ವಿಚಿತ್ರ. ಕಿವಿಗೆ ಮೊದಲು ಕೇಳುವುದು ರ್, ಆಮೇಲೆ ಯ. ಬರಹದಲ್ಲಿ ಮೊದಲು ಬರುವುದು ಯ, ಅದರ ಬಲಕ್ಕೆ ಅರ್ಕಾವತ್ತಾಗಿ ರ್. ದನಿಯ ಹಿಂದೆ ಬಣ್ಣ ಓಡಬೇಕೆಂದರೆ ಅದು ಇಲ್ಲಿ ಮುಂದೆ ಹೋಗಿ ಹಿಂದೆ ಬರಬೇಕಾಗುತ್ತದೆ. ಪರಿಹಾರ ಸರಳ: ಬಿಡಿ ಸಂಕೇತವನ್ನಲ್ಲ, ಇಡೀ ಅಕ್ಷರವನ್ನು ಒಂದು ಘಟಕವಾಗಿ ಚಲಿಸುವುದು. ಮರಳಿನ ಮೇಲೆ ರಾಗವಾಗಿ ಹೇಳುತ್ತ ಬರೆದವರಿಗೆ ಇದು ಸಹಜವಾಗಿಯೇ ತಿಳಿದಿತ್ತು. ಯಂತ್ರಕ್ಕೆ ಮಾತ್ರ ಹೇಳಿಕೊಡಬೇಕು. ಕೆ.ಪಿ. ರಾವ್ ಅವರಂಥವರ ಶ್ರಮದಿಂದ ಕನ್ನಡ ಕೀಲಿಮಣೆ ರೂಪುಗೊಂಡಿತು, 'ಬರಹ', 'ನುಡಿ' ತಂತ್ರಾಂಶಗಳು ಬಂದವು. ಬೆರಳಚ್ಚಿನ ಸಮಸ್ಯೆ ಬಗೆಹರಿಯಿತು. ಅಕ್ಷರವನ್ನು ಅದರ ಮರ್ಯಾದೆ ಕೆಡದಂತೆ ಕುಣಿಸುವ ಕೆಲಸಕ್ಕೂ ಅಷ್ಟೇ ಆಸಕ್ತಿ ಬೇಕಾಗಿದೆ.

ದನಿಯ ಹಿಂದೆ ಓಡುವ ಬಣ್ಣದ ಮಾತು ಬಂದದ್ದರಿಂದ ಭಾರತದಲ್ಲೇ ನಡೆದ ಒಂದು ಯಶಸ್ವಿ ಪ್ರಯೋಗವನ್ನು ಹೇಳಬೇಕು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಬ್ರಿಜ್ ಕೊಠಾರಿ ಅವರು 1996ರಲ್ಲಿ ಒಂದು ಸಾದಾ ಯೋಚನೆಯ ಬೆನ್ನು ಹತ್ತಿದರು. ಟಿ.ವಿ.ಯ ಚಿತ್ರಗೀತೆಗೆ ಅದೇ ಭಾಷೆಯ ಅಡಿಬರಹ ಕೊಡುವುದು, ಹಾಡಿದಂತೆ ಪದಗಳ ಬಣ್ಣ ಬದಲಾಗುವುದು. ನೋಡುವವರಿಗೆ ಅದು ಪಾಠವೆನಿಸುವುದಿಲ್ಲ. ಬಾಯಿಪಾಠವಿರುವ ಹಾಡಾದ್ದರಿಂದ ಕಣ್ಣು ತಾನಾಗಿಯೇ ಪದವನ್ನು ಹಿಂಬಾಲಿಸುತ್ತದೆ. ಮೊದಲು ಗುಜರಾತಿ ಹಾಡುಗಳಿಗೆ, ಆಮೇಲೆ ಹಿಂದಿಯ 'ರಂಗೋಲಿ'ಯಂಥ ಕಾರ್ಯಕ್ರಮಗಳಿಗೆ ಇದು ಬಂತು. ಅಕ್ಷರವನ್ನು ಅರೆಬರೆ ಕಲಿತು ಮರೆಯುತ್ತಿದ್ದವರ ಓದು ಇದರಿಂದ ಗಟ್ಟಿಯಾಗುತ್ತದೆ ಎಂದು ಅವರ ಅಧ್ಯಯನಗಳು ತೋರಿಸಿದವು. ಕಾರಣ ಸ್ಪಷ್ಟ: ದನಿ ಮತ್ತು ಅಕ್ಷರ ಒಂದೇ ಭಾಷೆಯವು, ಒಂದೇ ಹೊತ್ತಿನವು.

ತಪ್ಪು ಕಲಿಸುವ ಚಲನೆ

ಹಾಗಾದರೆ ವಿಜ್ಞಾನದ ಪದಗಳನ್ನೆಲ್ಲ ಓಡಿಸಿಬಿಟ್ಟರೆ ಆಯಿತೇ? ಇಲ್ಲ. 2002ರಲ್ಲಿ ಬಾರ್ಬರಾ ಟ್ವೆರ್‌ಸ್ಕಿ ಮತ್ತು ಸಂಗಡಿಗರು, ಚಲಿಸುವ ಚಿತ್ರಗಳಿಂದ ಕಲಿಕೆ ಹೆಚ್ಚುತ್ತದೆಯೇ ಎಂದು ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒರೆಹಚ್ಚಿ ನೋಡಿದರು. ಒಳ್ಳೆಯ ನಿಶ್ಚಲ ಚಿತ್ರಕ್ಕಿಂತ ಚಲಚಿತ್ರ ಮೇಲೆಂದು ಹೇಳಲು ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ಅವರು ಹೇಳಿದ ಎರಡು ನಿಯಮಗಳು ಅಜ್ಜಿಯ ಮಾತಿನಷ್ಟು ಸರಳ. ಚಲನೆ ಅರ್ಥಕ್ಕೆ ಹೊಂದಬೇಕು. ಚಲನೆ ನೋಡುವವರ ಗ್ರಹಿಕೆಗೆ ಸಿಗುವಷ್ಟು ನಿಧಾನವಿರಬೇಕು. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಇನ್ನೊಂದು ಎಚ್ಚರಿಕೆ ಕೊಟ್ಟಿವೆ: ಪಾಠಕ್ಕೆ ಸಂಬಂಧಪಡದ ಆಕರ್ಷಣೆ ಕಲಿಕೆಯನ್ನು ಹೆಚ್ಚಿಸುವ ಬದಲು ಕುಗ್ಗಿಸುತ್ತದೆ.

ಉದಾಹರಣೆಗೆ ಘನ, ದ್ರವ, ಅನಿಲ ಎಂಬ ಮೂರು ಪದಗಳನ್ನೇ ತೆಗೆದುಕೊಳ್ಳೋಣ. 'ಘನ'ದ ಅಕ್ಷರಗಳು ಒತ್ತಾಗಿ ನಿಂತು, 'ದ್ರವ'ದವು ಒಂದರ ಮೇಲೊಂದು ಜಾರಿ, 'ಅನಿಲ'ದವು ಪರದೆಯ ತುಂಬ ಚದುರಿದರೆ ಅದು ಅರ್ಥವತ್ತಾದ ಚಲನೆ. ಸಾವಿರ ಮಾತಿನ ಕೆಲಸವನ್ನು ಮೂರು ಪದ ಮಾಡುತ್ತವೆ. ಇಲ್ಲೂ ಒಂದು ಸೂಕ್ಷ್ಮವಿದೆ. ಘನವಸ್ತುವಿನ ಕಣಗಳು ಕಲ್ಲಿನಂತೆ ನಿಂತಿರುವುದಿಲ್ಲ, ನಿಂತಲ್ಲೇ ಕಂಪಿಸುತ್ತಿರುತ್ತವೆ. ಬಲ್ಲ ಕಲಾವಿದ ಆ ನಡುಕವನ್ನೂ ತೋರಿಸುತ್ತಾನೆ.

ಬಲ್ಲವನಲ್ಲದಿದ್ದರೆ? 'ಮಂಜುಗಡ್ಡೆ' ಎಂಬ ಪದ ಚಳಿಗೆ ಮುದುಡಿ ಸಣ್ಣದಾಗುವುದು ನೋಡಲು ಚೆನ್ನ. ಆದರೆ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮಂಜುಗಡ್ಡೆ ತೇಲುವುದು ಅದಕ್ಕೇ. ದಪ್ಪಕ್ಷರದ 'ಕಬ್ಬಿಣ' ದಡಕ್ಕನೆ ಬಿದ್ದು, ತೆಳ್ಳಕ್ಷರದ 'ಗರಿ' ತೇಲುತ್ತ ಇಳಿದರೆ ಮಗು ನಗುತ್ತದೆ. ಅದಕ್ಕೆ ಗಾಳಿಯ ತಡೆ ಕಾರಣವೆಂದು ಯಾರೂ ಹೇಳದಿದ್ದರೆ, ಭಾರವಾದದ್ದೇ ಬೇಗ ಬೀಳುತ್ತದೆ ಎಂಬ ಹಳೆಯ ತಪ್ಪು ಗಟ್ಟಿಯಾಗುತ್ತದೆ. ಗೆಲಿಲಿಯೊ ಅಲ್ಲಗಳೆದ, 1971ರಲ್ಲಿ ಅಪೊಲೊ-15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬೀಳಿಸಿ ತೋರಿಸಿದ ತಪ್ಪು ಅದು. ಪುಸ್ತಕದ ತಪ್ಪು ಸಾಲನ್ನು ಮಗು ಮರೆಯಬಹುದು. ಕುಣಿದು ತೋರಿಸಿದ ತಪ್ಪನ್ನು ಮರೆಯುವುದು ಕಷ್ಟ.

ಕೀಲು ಎಲ್ಲಿರಬೇಕು

ಚಲನೆ ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿವೇಕ ಕೊಪ್ಪಳ ಸೀಮೆಗೆ ಹೊಸದಲ್ಲ. ಇಲ್ಲಿಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಸಂದಿತು. ತೊಗಲುಗೊಂಬೆಯ ಮೈಯೆಲ್ಲ ಅಲುಗುವುದಿಲ್ಲ. ಕತೆಗೆ ಬೇಕಾದ ಕಡೆ ಮಾತ್ರ ಕೀಲು, ಉಳಿದದ್ದು ಒಂದೇ ಹಾಳೆ. ಕೈಯೊಂದೇ ಎದ್ದಾಗ ಎಲ್ಲರ ಕಣ್ಣೂ ಕೈಯ ಮೇಲೆ. ಎಲ್ಲವೂ ಅಲುಗಿದರೆ ಏನೂ ಕಾಣುವುದಿಲ್ಲ.

ಕಿನ್ನಾಳದ ಗೊಂಬೆ ಇನ್ನೂ ಒಂದು ಹೆಜ್ಜೆ ಮುಂದೆ. ಹಗುರ ಮರವನ್ನು ಕಡೆದು, ಸೆಣಬಿನ ಚಿಂದಿ ಮತ್ತು ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಬಳಿದು, ಚಿತ್ರಗಾರ ಮನೆತನಗಳು ತಯಾರಿಸುವ ಆ ಗೊಂಬೆ ತಾನಾಗಿ ಅಲುಗುವುದೇ ಇಲ್ಲ. ಅಲುಗಿಸುವುದು ಮಗು. ನಾಲ್ಕು ಶತಮಾನದ ಹಿಂದೆ ಗುಡಿಯ ಜಗಲಿಯಲ್ಲಿ ಮರಳಿನ ಅಕ್ಷರವನ್ನು ಬೆರಳು ನಡೆಸಿದಂತೆಯೇ ಇದು.

ಇಂದು ಈ ಊರಿನ ಮಗುವಿನ ಪರದೆಗೆ ಬರುವ ವಿಜ್ಞಾನದ ತುಣುಕುಗಳಲ್ಲಿ ಬೇರೆಡೆ ತಯಾರಾಗಿ ಕನ್ನಡದ ದನಿ ಅಂಟಿಸಿಕೊಂಡು ಬರುವವು ಬೇಕಾದಷ್ಟಿವೆ. ದನಿ 'ಆವಿ' ಎನ್ನುತ್ತದೆ, ಪರದೆಯ ಮೇಲೆ ಮೇಲೇರುವುದು ಇಂಗ್ಲಿಷ್ ಪದ. ಒಂದು ಚಿತ್ರ, ಎರಡು ದನಿ ಎಂಬ 1975ರ ಉಳಿತಾಯದ ಲೆಕ್ಕವೇ ಇಲ್ಲಿ ಮತ್ತೆ ಕಾಣಿಸುತ್ತಿದೆ. ಅಂದು ಉಪಗ್ರಹದ ಮಿತಿ ಕಾರಣವಾಗಿತ್ತು. ಇಂದು ಅಂಥ ಮಿತಿ ಯಾವುದೂ ಇಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ಮೇಲಿನ ತರಗತಿ ಓದಬೇಕಾಗಿದ್ದ ಈ ಸೀಮೆಗೆ, ಕೇಳುವ ಮಾತು ಒಂದು, ನೋಡುವ ಅಕ್ಷರ ಇನ್ನೊಂದು ಎಂಬ ಪಾಡು ಹೊಸದಲ್ಲ. ಅದನ್ನು ಮುಂದುವರಿಸಬೇಕಾದ ಅಗತ್ಯವೂ ಇಲ್ಲ.

ಆದ್ದರಿಂದ ಚಲಿಸುವ ಅಕ್ಷರದ ಪಾಠವೊಂದು ಎದುರಾದಾಗ ಹೆತ್ತವರು, ಶಿಕ್ಷಕರು ಮೂರು ಪ್ರಶ್ನೆ ಕೇಳಬಹುದು. ಕೇಳುವ ದನಿ ಮತ್ತು ಕಾಣುವ ಅಕ್ಷರ ಒಂದೇ ಭಾಷೆಯವೇ? ಅಕ್ಷರದ ಚಲನೆ ವಸ್ತುವಿನ ಚಲನೆಗೆ ಹೊಂದುತ್ತದೆಯೇ? ಬೇಕೆಂದಾಗ ಅದನ್ನು ನಿಲ್ಲಿಸುವ, ಮತ್ತೆ ನಡೆಸುವ ಅಧಿಕಾರ ಮಗುವಿನ ಬೆರಳಿಗಿದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಅಕ್ಷರ ಓಡಲಿ, ಹಾರಲಿ. ಬಾರದಿದ್ದರೆ ರಟ್ಟಿನಲ್ಲಿ ಕತ್ತರಿಸಿದ ಮೂರು ಅಕ್ಷರಗಳನ್ನು ಮಗುವಿನ ಕೈಗೆ ಕೊಟ್ಟು, 'ಅನಿಲ'ವನ್ನು ಮಾಡಿ ತೋರಿಸು ಎಂದರೆ ಸಾಕು. ಅವನ್ನು ಮನೆಯ ತುಂಬ ಚೆಲ್ಲಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.